ವಿಯಾ ವೆರ್ದೆ

ಸ್ಪೇನ್ ದೇಶದಲ್ಲಿ ರೈಲು ಸಂಚಾರ ನಿಂತುಹೋದ ಮಾರ್ಗಗಳ ಹಳಿ ಕಿತ್ತು, ಉಳಿದ ಜಾಗವನ್ನು ಸೈಕಲ್ ಸವಾರರಿಗೂ ನಡೆಯುವವರಿಗೂ ಬಿಟ್ಟುಕೊಟ್ಟ ದಾರಿಗಳಿಗೆ ವಿಯಾ ವೆರ್ದೆ, ಅಂದರೆ ‘ಹಸಿರು ದಾರಿ’, ಎಂದು ಹೆಸರು. ಕಾರು, ಬೈಕುಗಳಿಗೆ ಇಲ್ಲಿ ಪ್ರವೇಶವಿಲ್ಲ. ಊರುಗಳ ಹತ್ತಿರ ಡಾಂಬರು ಹಾಕಿದ ತುಂಡುಗಳು ಸಿಗುತ್ತವೆಯಾದರೂ ಹಳ್ಳಿಗಾಡಿನಲ್ಲಿ ಹೆಚ್ಚಾಗಿ ಕಾಣುವುದು ಗರಸು ಹಾಸಿ ರೋಲರ್ ಹೊಡೆದ ನೆಲ. ಪಿರನೀಸ್ ಪರ್ವತದ ತಪ್ಪಲು, ಆಂದಲೂಸಿಯಾದ ಗುಡ್ಡಸಾಲು, ತೆರುಯೆಲ್‌ನ ಎತ್ತರದ ಬಯಲು ಹೀಗೆ ದೇಶದ ಉದ್ದಗಲಕ್ಕೂ ಹರಡಿರುವ ಈ ದಾರಿಗಳ ಒಟ್ಟು ಉದ್ದ ಇಂದು 3,000 ಕಿ.ಮೀ. ದಾಟಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದಿರು, ಕಲ್ಲಿದ್ದಲು, ಆಲಿವ್ ಎಣ್ಣೆ ಸಾಗಿಸಲೆಂದು ಸ್ಪೇನಿನಲ್ಲಿ ಸಣ್ಣಪುಟ್ಟ ರೈಲುಮಾರ್ಗಗಳು ಹೇರಳವಾಗಿ ಹುಟ್ಟಿಕೊಂಡವು. ಲಾರಿ ಬಸ್ಸುಗಳ ಪೈಪೋಟಿ ಎದುರಾದಾಗ ಮೊದಲು ಸೋತವೂ ಇವೇ. 1960ರ ದಶಕದಲ್ಲಿ ನ್ಯಾರೋಗೇಜ್ ಮಾರ್ಗಗಳು ಒಂದೊಂದಾಗಿ ಮುಚ್ಚಿದವು. 1985ರ ಜನವರಿ 1ರಂದು ಸರ್ಕಾರ ನಷ್ಟದ ಲೆಕ್ಕ ತೋರಿಸಿ ಇನ್ನಷ್ಟು ಮಾರ್ಗಗಳಲ್ಲಿ ರೈಲು ನಿಲ್ಲಿಸಿತು. 1993ರ ಹೊತ್ತಿಗೆ ರೈಲು ಓಡದ ಮಾರ್ಗಗಳ ಉದ್ದ 7,600 ಕಿ.ಮೀ. ಮೀರಿತ್ತು. ವಿಯಾ ವೆರ್ದೆ ಯೋಜನೆ ಶುರುವಾದದ್ದು ಅದೇ ವರ್ಷ. ಅದರ ಉಸ್ತುವಾರಿ ಸ್ಪ್ಯಾನಿಷ್ ರೈಲ್ವೆ ಪ್ರತಿಷ್ಠಾನದ್ದು. ಬಹಳಷ್ಟು ಕಡೆ ಜಾಗದ ಒಡೆತನ ಇಂದಿಗೂ ರೈಲ್ವೆ ಮೂಲಸೌಕರ್ಯ ಸಂಸ್ಥೆಯಾದ ಅಡಿಫ್‌ನದು. ದಾರಿ ಮಾಡಿ ನೋಡಿಕೊಳ್ಳುವವರು ಸ್ಥಳೀಯ ಆಡಳಿತದವರು. ಹಳಿ ಹೋದರೂ ನೆಲದ ಪಟ್ಟಿ ತುಂಡಾಗಿ ಮಾರಾಟವಾಗದೆ ಉಳಿದದ್ದೇ ಈ ಯೋಜನೆಯ ನಿಜವಾದ ಬಂಡವಾಳ. ಎಲ್ಲೆಲ್ಲಿ ಆ ಜಾಗವನ್ನು ಹೆದ್ದಾರಿಯೋ ಬಡಾವಣೆಯೋ ನುಂಗಿತೋ ಅಲ್ಲೆಲ್ಲ ಸವಾರ ಮಾಮೂಲಿ ರಸ್ತೆಗಿಳಿದು ಬಳಸಿಕೊಂಡು ಹೋಗಬೇಕು.

ಈ ದಾರಿಗಳ ಗುಣವೆಲ್ಲ ಅಡಗಿರುವುದು ಏರಿನಲ್ಲಿ. ಗುಡ್ಡಗಾಡಿನ ಹಳ್ಳಿ ರಸ್ತೆ ದಿಣ್ಣೆ ಎದುರಾದಲ್ಲಿ ನೇರ ಹತ್ತಿಬಿಡುತ್ತದೆ. ನೂರು ಮೀಟರು ಸಾಗುವಷ್ಟರಲ್ಲಿ ಎಂಟು ಹತ್ತು ಮೀಟರು ಮೇಲೇರುವುದು ಅಲ್ಲಿ ಅಪರೂಪವಲ್ಲ. ರೈಲಿಗೆ ಇದು ಸಾಧ್ಯವಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ, ಏರು ಹೆಚ್ಚಿದರೆ ಎಂಜಿನ್ ನಿಂತಲ್ಲೇ ಗಾಲಿ ಜಾರಿಸುತ್ತದೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಮಾರ್ಗ ಐವತ್ತು ಮೀಟರಿಗೆ ಒಂದು ಮೀಟರಿನಂತೆ ಏರುತ್ತದೆ. ಅಷ್ಟಕ್ಕೇ 57 ಸುರಂಗ ಕೊರೆಯಬೇಕಾಯಿತು. ಸ್ಪೇನಿನ ಎಂಜಿನಿಯರುಗಳೂ ಇದೇ ಕಟ್ಟಳೆಗೆ ಒಳಪಟ್ಟು ಕಣಿವೆಗಳನ್ನು ಸುತ್ತಿ ಬಳಸಿದರು, ತಗ್ಗಿಗೆ ಮಣ್ಣು ತುಂಬಿ ಏರಿ ಹಾಕಿದರು, ದಿಣ್ಣೆಯನ್ನು ಸೀಳಿದರು. ಹೀಗಾಗಿ ವಿಯಾ ವೆರ್ದೆಯ ಏರು ಸಾಮಾನ್ಯವಾಗಿ ನೂರಕ್ಕೆ ಎರಡು ಮೂರರ ಆಸುಪಾಸು. ಸೈಕಲ್ ಕಲಿತ ಮಗುವೂ ಅಜ್ಜನೂ ಜೊತೆಜೊತೆಗೆ ಬೆಟ್ಟ ಹತ್ತಬಹುದು.

ಇದರ ಇನ್ನೊಂದು ಮುಖವನ್ನು ಪ್ರವಾಸಿ ಕೈಪಿಡಿಗಳು ಹೇಳುವುದಿಲ್ಲ. ಎರಡು ಪರ್ಸೆಂಟ್ ಏರು ಕಣ್ಣಿಗೆ ಸಮತಟ್ಟಾಗಿಯೇ ಕಾಣುತ್ತದೆ, ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಇಪ್ಪತ್ತು ಕಿ.ಮೀ. ಉದ್ದಕ್ಕೂ ಪೆಡಲ್ ಬಿಡುವಂತಿಲ್ಲ. ರಸ್ತೆಯಲ್ಲಾದರೆ ಏರಿನ ಬೆನ್ನಿಗೇ ಸಿಗುವ ಇಳಿಜಾರಿನ ವಿಶ್ರಾಂತಿ ಇಲ್ಲಿಲ್ಲ. ದಿಣ್ಣೆ ಸೀಳಿದ ಕಡೆಗಳಲ್ಲಿ ಎರಡೂ ಬದಿ ಮಣ್ಣಿನ ಗೋಡೆ, ನೋಟವೂ ಇಲ್ಲ ಗಾಳಿಯೂ ಇಲ್ಲ.

ಕತಲೂನ್ಯಾದ ಓಲೊಟ್–ಜಿರೋನಾ ದಾರಿ ತಪ್ಪಲು ಸವಾರಿಗೆ ಒಳ್ಳೆಯ ಮಾದರಿ. ಉದ್ದ ಸುಮಾರು 57 ಕಿ.ಮೀ. ಇಲ್ಲಿ ಓಡುತ್ತಿದ್ದುದು 750 ಮಿ.ಮೀ. ಗೇಜಿನ ಪುಟ್ಟ ರೈಲು, ಜನರ ಬಾಯಲ್ಲಿ ‘ಕರಿಲೆಟ್’. ಮೊದಲ ತುಂಡು 1895ರಲ್ಲಿ ತೆರೆಯಿತು, ಓಲೊಟ್ ಮುಟ್ಟುವಾಗ 1911 ಆಗಿತ್ತು, 1969ರಲ್ಲಿ ಸೇವೆ ನಿಂತಿತು. ಓಲೊಟ್ ಇರುವುದು ಗರೋಚ ಎಂಬ ಸೀಮೆಯಲ್ಲಿ. ಸುತ್ತಲೂ ನಲವತ್ತರಷ್ಟು ಆರಿದ ಜ್ವಾಲಾಮುಖಿಗಳು, ಅವುಗಳ ಮೈಮೇಲೆಲ್ಲ ಈಗ ಕಾಡು. ಸಮುದ್ರಮಟ್ಟದಿಂದ ಸುಮಾರು 440 ಮೀಟರ್ ಎತ್ತರದ ಓಲೊಟ್‌ನಿಂದ ಹೊರಟ ದಾರಿ ಮೊದಲು ಕೋಲ್ ದನ್ ಬಾಸ್ ಎಂಬ ಕಣಿವೆಬಾಯಿಗೆ, ಅಂದರೆ 600 ಮೀಟರಿನ ಆಚೆಗೆ ಏರುತ್ತದೆ. ಅಲ್ಲಿಂದ ಮುಂದೆ ಬ್ರುಜೆಂಟ್ ಹೊಳೆಯ ಜೊತೆ ಸಾಂತ್ ಫೆಲಿಯು ದ ಪಲ್ಯರೋಲ್ಸ್, ಲೆಸ್ ಪ್ಲಾನೆಸ್, ಅಮೆರ್ ಊರುಗಳನ್ನು ಹಾದು, ತೆರ್ ನದಿಯ ಬಯಲಿಗಿಳಿದು, 70 ಮೀಟರ್ ಎತ್ತರದ ಜಿರೋನಾ ಸೇರುತ್ತದೆ. ಹೆಚ್ಚಿನವರು ಓಲೊಟ್‌ಗೆ ಬಸ್ಸಿನಲ್ಲೋ ವ್ಯಾನಿನಲ್ಲೋ ಹೋಗಿ ಕೆಳಮುಖವಾಗಿ ಬರುವುದೇಕೆ ಎಂಬುದು ಈ ಅಂಕಿಗಳನ್ನು ನೋಡಿದರೇ ತಿಳಿಯುತ್ತದೆ. ಆದರೆ ಜಿರೋನಾದಿಂದ ಹತ್ತುವವರಿಗೆ ಒಂದು ಲಾಭವಿದೆ: ಬಯಲಿನ ಮೆಕ್ಕೆಜೋಳ, ಹೊಳೆದಂಡೆ, ಓಕ್ ಕಾಡು ಹೀಗೆ ನೆಲ ಮೆಲ್ಲಗೆ ಬದಲಾಗುವುದನ್ನು ಅವರು ನಿಧಾನವಾಗಿ ನೋಡುತ್ತಾರೆ, ಇಳಿಯುವವರು ಬ್ರೇಕಿನ ಮೇಲೆ ಬೆರಳಿಟ್ಟುಕೊಂಡು ದಾಟಿಬಿಡುತ್ತಾರೆ.

ಈ ದಾರಿಯ ಮೇಲ್ಮೈಗೆ ಬಳಸಿರುವುದು ‘ಸೌಲೊ’. ಗ್ರಾನೈಟ್ ಬಂಡೆ ಶಿಥಿಲವಾಗಿ ಉದುರಿದ ಹಳದಿ ಮಿಶ್ರಿತ ಒರಟು ಮರಳು ಅದು. ಒದ್ದೆ ಮಾಡಿ ರೋಲರ್ ಹಾಯಿಸಿದರೆ ಗಟ್ಟಿಯಾಗಿ ಕೂರುತ್ತದೆ, ನೀರು ಇಂಗುತ್ತದೆ, ರಾಡಿ ಏಳುವುದಿಲ್ಲ. ಕಾಲು ನೋಯಿಸುವ ಗಡಸೂ ಅಲ್ಲ. ಆದರೆ ಜೋರು ಮಳೆಯ ನೀರು ಚರಂಡಿ ಬಿಟ್ಟು ದಾರಿಯ ಮೇಲೇ ಹರಿದರೆ ಒಂದೇ ದಿನದಲ್ಲಿ ಕೊರಕಲು ಬೀಳುತ್ತದೆ. ಒಣಗಿದ ಮೇಲೆ ತಿರುವಿನಲ್ಲಿ ಸಡಿಲ ಹರಳು ಸೇರಿಕೊಂಡು ಸಣ್ಣ ಟಯರನ್ನು ಎಳೆಯುತ್ತದೆ. ರೇಸಿಂಗ್ ಸೈಕಲ್ಲಿನ ತೆಳು ಟಯರಿಗಿಂತ 35ರಿಂದ 45 ಮಿ.ಮೀ. ಅಗಲದ್ದು ಇಲ್ಲಿ ಹಿತ. ಗರಸಿನ ಮೇಲೆ ಡಾಂಬರು ಹಾಕಬೇಕೇ ಎಂಬ ತಕರಾರು ಇಂಥ ದಾರಿಗಳಿರುವಲ್ಲೆಲ್ಲ ಇದ್ದದ್ದೇ. ಗಾಲಿಕುರ್ಚಿಯವರ ದೃಷ್ಟಿಯಿಂದ ಊರಂಚಿನಲ್ಲಿ ಡಾಂಬರು ನ್ಯಾಯವಾದದ್ದು. ಕಾಡಿನ ನಡುವೆ ಹಾಕಿದರೆ ಮಾತ್ರ ಸೈಕಲ್ಲುಗಳ ವೇಗ ಹೆಚ್ಚಿ ನಡೆಯುವವರು ಅಂಚಿಗೆ ಸರಿಯಬೇಕಾಗುತ್ತದೆ.

ಜಿರೋನಾದಿಂದ ಇದೇ ದಾರಿ ಇನ್ನೊಂದು ಹಳೆಯ ರೈಲುಪಟ್ಟಿಗೆ ಸೇರಿ, 39 ಕಿ.ಮೀ. ಸಾಗಿ ಸಾಂತ್ ಫೆಲಿಯು ದ ಗೀಶೋಲ್ಸ್‌ನ ಕಡಲತೀರ ಮುಟ್ಟುತ್ತದೆ. ಇವೆರಡನ್ನೂ ಒಳಗೊಂಡು, ಗಡಿ ದಾಟಿ ಫ್ರಾನ್ಸಿಗೆ ಹೋಗಿಬರುವ ಪಿರಿನೆಕ್ಸುಸ್ ಎಂಬ 353 ಕಿ.ಮೀ. ಸುತ್ತು ದಾರಿಯೂ ಇದೆ. ಅದರಲ್ಲಿ ವಾಹನ ಓಡುವ ರಸ್ತೆಗಳೂ ಸೇರಿವೆ. ಜಿರೋನಾ ವೃತ್ತಿಪರ ಸೈಕಲ್ ಪಟುಗಳು ಮನೆ ಮಾಡಿಕೊಂಡಿರುವ ಊರು. ‘ದ ಟ್ರಾಕಾ’ ಎಂಬ ಗ್ರಾವೆಲ್, ಅಂದರೆ ಗರಸು ದಾರಿಯ, ಸೈಕಲ್ ಸ್ಪರ್ಧೆ ನಡೆಯುವುದೂ ಇಲ್ಲೇ.

ದಕ್ಷಿಣದ ಆಂದಲೂಸಿಯಾದಲ್ಲಿರುವ ವಿಯಾ ವೆರ್ದೆ ದ ಲಾ ಸಿಯೆರ್ರಾದ ಕಥೆ ಬೇರೆ. ಪುಯೆರ್ತೊ ಸೆರ್ರಾನೊದಿಂದ ಓಲ್ವೆರಾವರೆಗಿನ ಈ 36 ಕಿ.ಮೀ. ದಾರಿಯಲ್ಲಿ ರೈಲು ಓಡಿದ್ದೇ ಇಲ್ಲ. ಹೆರೆಸ್–ಅಲ್ಮಾರ್ಹೆನ್ ಮಾರ್ಗಕ್ಕಾಗಿ 1920ರ ದಶಕದಲ್ಲಿ ಗುಡ್ಡ ಕೊರೆದರು, ಸೇತುವೆ ಎಬ್ಬಿಸಿದರು, ನಿಲ್ದಾಣಗಳನ್ನೂ ಕಟ್ಟಿದರು. ಮುಂದಿನ ದಶಕದ ಹಣದ ಮುಗ್ಗಟ್ಟು ಮತ್ತು ಅಂತರ್ಯುದ್ಧದಲ್ಲಿ ಕೆಲಸ ಬಿದ್ದುಹೋಯಿತು. ಟಿಕೆಟ್ ಮಾರದ ನಿಲ್ದಾಣಗಳು ಈಗ ಊಟ ವಸತಿ ಕೊಡುತ್ತವೆ. 30 ಸುರಂಗಗಳಿವೆ, ಅತಿ ಉದ್ದದ್ದು ಹೆಚ್ಚುಕಡಿಮೆ ಒಂದು ಕಿ.ಮೀ. ಬೇಸಗೆಯ ಉರಿಬಿಸಿಲಿನಿಂದ ಒಳಹೊಕ್ಕರೆ ಮೈ ಮೇಲಿನ ಬೆವರು ಒಮ್ಮೆಲೇ ತಣ್ಣಗಾಗುತ್ತದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ಮೊದಲೇ ಗಾಲಿ ಒದ್ದೆ ನೆಲದ ಮೇಲಿರುತ್ತದೆ. ದೀಪವಿರುವ ಸುರಂಗಗಳಿದ್ದರೂ ಟಾರ್ಚ್ ಇಟ್ಟುಕೊಳ್ಳುವುದು ಕ್ಷೇಮ. ಕೊರಿಪೆ ದಾಟಿದ ಮೇಲೆ ಸಾಫ್ರಮಗೋನ್ ಎಂಬ ಒಂಟಿ ಬಂಡೆಬೆಟ್ಟ ಎದುರಾಗುತ್ತದೆ. ಗ್ರಿಫನ್ ರಣಹದ್ದುಗಳ ದೊಡ್ಡ ನೆಲೆ ಅದು. ಬಂಡೆಯ ಮುಖದ ಮೇಲೆ ಬಿಳಿ ಹಿಕ್ಕೆಯ ಪಟ್ಟೆ ಕಂಡಲ್ಲಿ ಗೂಡಿದೆ ಎಂದು ತಿಳಿಯಬೇಕು. ಪಕ್ಕದ ನಿಲ್ದಾಣದ ಕಟ್ಟಡದಲ್ಲಿ ಅವುಗಳ ಬಗ್ಗೆ ತಿಳಿಸುವ ಕೇಂದ್ರವಿದೆ.

ಹಾಯೆನ್‌ನಿಂದ ಪುಯೆಂತೆ ಹೆನೀಲ್‌ವರೆಗಿನ 128 ಕಿ.ಮೀ. ‘ಎಣ್ಣೆ ದಾರಿ’ ಆಲಿವ್ ತೋಟಗಳ ನಡುವೆಯೇ ಸಾಗುತ್ತದೆ. ಹಾಯೆನ್ ಪ್ರಾಂತ್ಯ ಒಂದರಲ್ಲೇ ಆರು ಕೋಟಿಗೂ ಹೆಚ್ಚು ಆಲಿವ್ ಮರಗಳಿವೆಯಂತೆ. ನೆರಳು ಮಾತ್ರ ಕೇಳಬೇಡಿ, ತೋಟವಿರುವುದು ದಾರಿಯ ಆಚೀಚೆ. ಹತ್ತೊಂಬತ್ತನೆಯ ಶತಮಾನದ ಕಬ್ಬಿಣದ ಸೇತುವೆಗಳು ಇಲ್ಲಿನ ವಿಶೇಷ. ತೆರುಯೆಲ್ ಕಡೆಯಿಂದ ಮೆಡಿಟರೇನಿಯನ್ ಬದಿಗಿಳಿಯುವ ಓಹೋಸ್ ನೆಗ್ರೋಸ್ ದಾರಿ 160 ಕಿ.ಮೀ. ಮೀರಿದ್ದು. ಅದು ಹುಟ್ಟಿದ್ದು ಜಗಳದಿಂದ: ಸಾಗಣೆ ದರದ ವಿಚಾರದಲ್ಲಿ ಇದ್ದ ರೈಲು ಕಂಪನಿಯೊಂದಿಗೆ ಒಮ್ಮತಕ್ಕೆ ಬರಲಾಗದೆ, ಕಬ್ಬಿಣದ ಅದಿರಿನ ಗಣಿ ಕಂಪನಿ ಬಹುದೂರದವರೆಗೆ ಆ ರೈಲು ಕಂಪನಿಯ ಹಳಿಯ ಪಕ್ಕದಲ್ಲೇ ತನ್ನದೊಂದು ಮಾರ್ಗ ಹಾಕಿ 1907ರಲ್ಲಿ ಓಡಿಸಿತು. 1972ರಲ್ಲಿ ಅದನ್ನು ಮುಚ್ಚಿದ ಮೇಲೆ ಅದಿರು ಹೋದದ್ದು ಯಾವ ಮಾರ್ಗದಲ್ಲಿ ಬೇಡವೆಂದಿದ್ದರೋ ಅದೇ ಮಾರ್ಗದಲ್ಲಿ.

‘ವಾಹನವಿಲ್ಲದ ದಾರಿ’ ಎಂಬುದನ್ನು ಅಕ್ಷರಶಃ ಹಿಡಿಯಬಾರದು. ಹೊಲಕ್ಕೆ ಬೇರೆ ಹಾದಿಯಿಲ್ಲದ ಕಡೆ ರೈತರ ಟ್ರಾಕ್ಟರ್ ಬರುತ್ತದೆ, ಆಲಿವ್ ಕೊಯ್ಲಿನ ಚಳಿಗಾಲದಲ್ಲಂತೂ ಹೆಚ್ಚು. ಹಳೆಯ ಲೆವೆಲ್ ಕ್ರಾಸಿಂಗ್ ಇದ್ದಲ್ಲಿ ಈಗ ಗೇಟೂ ಇಲ್ಲ, ಗೇಟ್‌ಮ್ಯಾನೂ ಇಲ್ಲ; ನಿಲ್ಲಬೇಕಾದವನು ಸೈಕಲ್ ಸವಾರ. ದಕ್ಷಿಣದ ದಾರಿಗಳಿಗೆ ಜುಲೈ, ಆಗಸ್ಟ್ ಸಲ್ಲದ ತಿಂಗಳು: ಹಗಲಿನ ತಾಪ 40 ಡಿಗ್ರಿ ಮುಟ್ಟುತ್ತದೆ, ನಿಲ್ದಾಣದಿಂದ ನಿಲ್ದಾಣಕ್ಕೆ ನೀರು ಸಿಗುವ ಭರವಸೆಯಿಲ್ಲ. ಮಾರ್ಚ್‌ನಿಂದ ಮೇ, ಮತ್ತೆ ಅಕ್ಟೋಬರ್ ಒಳ್ಳೆಯದು. ಕತಲೂನ್ಯಾದ ತಪ್ಪಲಲ್ಲಿ ಬೇಸಗೆಯೂ ತಡೆಯುವಂಥದ್ದೇ, ಸಂಜೆಯ ಗುಡುಗುಮಳೆಗೆ ಸಿಕ್ಕಿಕೊಳ್ಳದಂತೆ ಬೆಳಿಗ್ಗೆ ಬೇಗ ಹೊರಟರೆ ಸಾಕು.