ಸಿನಿಮಾ ಮುಗೀತು, ಈಗ ಮಾತಾಡೋಣ

ಇವತ್ತಿನ ವಿಷಯ ಸ್ವಲ್ಪ ಭಾರದ್ದು. ಆದರೆ ಮಾತಾಡಲೇಬೇಕಾದ್ದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದ ಪ್ರಕಾರ, 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ಬಾಗಲಕೋಟೆ ಜಿಲ್ಲೆಯ ಬೇವೂರಿನಂಥ ಊರಲ್ಲಿ ಎಲ್ಲರಿಗೂ ಎಲ್ಲರ ಗುರುತಿರುತ್ತೆ. ಅಂಥ ಕಡೆ "ನನ್ನ ಮನಸ್ಸು ಸರಿ ಇಲ್ಲ" ಅಂತ ಬಾಯಿಬಿಟ್ಟು ಹೇಳೋದು ಸುಲಭವಲ್ಲ. ಆದರೆ ತನ್ನ ಕಥೆ ಹೇಳಿಕೊಳ್ಳಲು ಆಗದವರೂ ಸಿನಿಮಾದ ಪಾತ್ರದ ಬಗ್ಗೆ ಮಾತಾಡ್ತಾರೆ. ಈ ದಾರಿ ಕನ್ನಡಕ್ಕೆ ಹೊಸದಲ್ಲ.

1970ರ ದಶಕದ ಆರಂಭಕ್ಕೆ ಹೋಗೋಣ. ಮನಃಶಾಸ್ತ್ರ ಓದಿದ್ದ ತ್ರಿವೇಣಿ ಅವರ 'ಶರಪಂಜರ' ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. ಬಾಣಂತನದ ನಂತರ ಮಾನಸಿಕ ಕಾಯಿಲೆಗೆ ಬೀಳುವ ಕಾವೇರಿಯಾಗಿ ಕಲ್ಪನಾ ನಟಿಸಿದರು. ಕಾವೇರಿ ಆಸ್ಪತ್ರೆಯಲ್ಲಿ ಗುಣ ಆಗ್ತಾಳೆ. ಆದರೆ ಮನೆಗೆ ಬಂದಮೇಲೆ ಗಂಡನಿಂದ ಹಿಡಿದು ನೆರೆಹೊರೆಯವರೆಗೆ ಎಲ್ಲರೂ ಅವಳನ್ನು "ಹುಚ್ಚಿ" ಅಂತಲೇ ನೋಡ್ತಾರೆ. ಕಾಯಿಲೆಗೆ ಔಷಧ ಇತ್ತು, ಆ ನೋಟಕ್ಕೆ ಇರಲಿಲ್ಲ. ಇವತ್ತಿಗೂ ಎಷ್ಟೋ ವಿದ್ಯಾರ್ಥಿಗಳು ಸಹಾಯ ಕೇಳದೇ ಇರೋದು ಆ ನೋಟಕ್ಕೆ ಹೆದರಿಯೇ.

1972ರ ಕೊನೆಯಲ್ಲಿ ಪುಟ್ಟಣ್ಣನವರದೇ 'ನಾಗರಹಾವು' ಬಂತು. ತರಾಸು ಅವರ ಕಾದಂಬರಿಗಳನ್ನು ಆಧರಿಸಿದ ಕಥೆ. ರಾಮಾಚಾರಿ, ಚಾಮಯ್ಯ ಮೇಷ್ಟ್ರು ಯಾರಿಗೆ ಗೊತ್ತಿಲ್ಲ ಹೇಳಿ! ಮೇಷ್ಟ್ರಿಗೆ ಶಿಷ್ಯನ ಮೇಲೆ ಪ್ರಾಣ. ಆದರೂ ಅಲಮೇಲುವಿನ ವಿಷಯದಲ್ಲಿ, ಆಮೇಲೆ ಮಾರ್ಗರೆಟ್ ವಿಷಯದಲ್ಲಿ, ಅವನ ಮನಸ್ಸಲ್ಲಿ ಏನಿದೆ ಅಂತ ಕೇಳೋದಕ್ಕಿಂತ ಬುದ್ಧಿ ಹೇಳೋದೇ ಹೆಚ್ಚು. ಕಥೆ ದುರಂತದಲ್ಲಿ ಮುಗಿಯುತ್ತೆ. ಆ ಕೊನೆಯನ್ನು "ಅಮರ ಪ್ರೇಮ" ಅಂತ ಹೊಗಳಿಬಿಟ್ಟರೆ ತಪ್ಪಾಗುತ್ತೆ. ಕೇಳಬೇಕಾದ ಪ್ರಶ್ನೆ ಬೇರೆ: ಕಥೆಯಲ್ಲಿ ಯಾವ ಹೊತ್ತಿಗೆ, ಯಾರು, ಏನು ಕೇಳಿದ್ದರೆ ರಾಮಾಚಾರಿ ಉಳೀತಿದ್ದ?

ಯಾಕೆ ಇಷ್ಟು ಎಚ್ಚರಿಕೆ? 2017ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 'ಥರ್ಟೀನ್ ರೀಸನ್ಸ್ ವೈ' ಬಂದಾಗ ಒಂದು ದೃಶ್ಯದ ಬಗ್ಗೆ ವೈದ್ಯರು ತಕರಾರು ತೆಗೆದರು. 2019ರಲ್ಲಿ ಕಂಪನಿ ಆ ದೃಶ್ಯವನ್ನು ಕತ್ತರಿಸಿತು. ಸಾವನ್ನು ವಿವರವಾಗಿ ತೋರಿಸಿದರೆ, ಮೊದಲೇ ನೊಂದವರಿಗೆ ಅಪಾಯ ಹೆಚ್ಚು. ಇನ್ನೊಂದು ಮುಖವೂ ಇದೆ. ಕಷ್ಟ ದಾಟಿ ಬದುಕಿದವರ ಕಥೆ ಜೀವ ಉಳಿಸಬಲ್ಲದು ಅಂತ 2010ರಲ್ಲಿ ಆಸ್ಟ್ರಿಯಾದ ಸಂಶೋಧಕರು ಬರೆದರು. ಮೊಜಾರ್ಟ್‌ನ ಒಪೆರಾದಲ್ಲಿ ಮೂವರು ಬಾಲಕರ ಮಾತು ಕೇಳಿ ಸಾವಿನಿಂದ ಹಿಂದೆ ಸರಿಯುವ ಪಾತ್ರದ ಹೆಸರಲ್ಲಿ, ಇದನ್ನು 'ಪಾಪಗೇನೋ ಪರಿಣಾಮ' ಅಂತಾರೆ.

ಹಾಗಾಗಿ ಕಾಲೇಜಲ್ಲಿ ಸಿನಿಮಾ ಹಾಕೋದು ಅರ್ಧ ಕೆಲಸ ಅಷ್ಟೇ. ಉಳಿದರ್ಧ ಲೈಟ್ ಹಾಕಿದ ಮೇಲೆ ಶುರುವಾಗುತ್ತೆ. ಮೊದಲೇ ನೋಡಿ ಆರಿಸಿ. ವಿಷಯ ಏನು ಅಂತ ಮುಂಚೆ ಹೇಳಿ, ಎದ್ದು ಹೋಗಬೇಕು ಅನ್ನಿಸಿದವರಿಗೆ ಹೋಗಲು ಬಿಡಿ. ಹತ್ತು-ಹದಿನೈದು ಜನರ ಗುಂಪು ಮಾಡಿ ಮಾತಾಡಿ, ಭಾಷಣ ಬೇಡ. ಮನಸ್ಸು ಕಲಕಿದವರ ಜೊತೆ ಕೂರೋದಕ್ಕೆ ಒಬ್ಬ ತರಬೇತಿ ಪಡೆದವರು ಇರಲಿ.

ಅಂಥವರು ಬೆಂಗಳೂರಲ್ಲಿ ಮಾತ್ರ ಸಿಗಬೇಕು ಅಂತೇನಿಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಹಳ್ಳಿಗೇ ಮನೋಚಿಕಿತ್ಸೆ ತಲುಪಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಪ್ರಯೋಗವೇ ಮಾದರಿ.

ಕೊನೆಗೆ ಒಂದು ಮಾತು. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತೆ ಅನ್ನೋದು ಸುಳ್ಳು. ಕೇಳಿದಾಗ ಎಷ್ಟೋ ಜನರ ಎದೆ ಹಗುರಾಗುತ್ತೆ. ಅಷ್ಟು ನೇರವಾಗಿ ಕೇಳಲು ಬಾಯಿ ಬರದಿದ್ದರೆ, "ಯಾಕೋ ದೋಸ್ತ, ಮಾತ ಬಿಟ್ಟೀಯಲ್ಲ, ಏನಾಗೇತಿ?" ಅಂತಲಾದರೂ ಶುರು ಮಾಡಿ. ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ.

ಟೆಲಿ ಮನಸ್ ಸಹಾಯವಾಣಿ 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಈಗಲೇ ಫೋನಲ್ಲಿ ಸೇವ್ ಮಾಡ್ಕೊಳ್ಳಿ. ನಿಮಗೆ ಬೇಕಾಗದಿದ್ದರೂ, ಪಕ್ಕದ ಬೆಂಚಿನವರಿಗೆ ಬೇಕಾಗಬಹುದು.