ಕಾಲುವೆ, ಗದ್ದೆ ಮತ್ತು ಮೆದುಳು ಜ್ವರ



ಚರಿತ್ರೆ ಎಂದಾಕ್ಷಣ ನಮಗೆ ನೆನಪಾಗುವುದು ರಾಜರ ಹೆಸರು, ಯುದ್ಧಗಳ ಇಸವಿ. ಆದರೆ ರೋಗಗಳಿಗೂ ಚರಿತ್ರೆ ಇದೆ. ನಮ್ಮ ಹೊಸಪೇಟೆ, ಹಂಪಿ, ಕಂಪ್ಲಿ ಸೀಮೆಯ ಒಂದು ರೋಗದ ಚರಿತ್ರೆಯಂತೂ ಇಲ್ಲಿನ ನೀರಿನ ಚರಿತ್ರೆಯೊಂದಿಗೇ ಹೆಣೆದುಕೊಂಡಿದೆ. ಆ ರೋಗದ ಹೆಸರು ಜಪಾನೀಸ್ ಎನ್ಸೆಫಲೈಟಿಸ್. ಜನರ ಬಾಯಲ್ಲಿ ಅದು ಮೆದುಳು ಜ್ವರ.

ಮೊದಲು ನೀರಿನ ಮಾತು. ವಿಜಯನಗರದ ಅರಸರು ತುಂಗಭದ್ರೆಗೆ ಒಡ್ಡು ಕಟ್ಟಿ ಕಾಲುವೆಗಳನ್ನು ತೆಗೆಸಿದರು. ತುರ್ತು ಕಾಲುವೆ, ಬಸವಣ್ಣ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಹಂಪಿ, ಕಮಲಾಪುರದ ಬಾಳೆ, ಕಬ್ಬು, ಭತ್ತಕ್ಕೆ ಅವೇ ಆಸರೆ. ಮುಂದೆ 1945ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಸೇರಿ ತುಂಗಭದ್ರಾ ಜಲಾಶಯಕ್ಕೆ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗಳಿಗೆ ನೀರು ಬಂತು. ಬರದ ಸೀಮೆ ಭತ್ತದ ಕಣಜವಾಯಿತು. ಇದು ನಮ್ಮ ಭಾಗ್ಯ. ಆದರೆ ನಿಂತ ನೀರಿನ ಗದ್ದೆ ಭತ್ತಕ್ಕೆ ಹೇಗೆ ತೊಟ್ಟಿಲೋ, ಕ್ಯೂಲೆಕ್ಸ್ ಜಾತಿಯ ಕೆಲವು ಸೊಳ್ಳೆಗಳಿಗೂ ಹಾಗೆಯೇ ತೊಟ್ಟಿಲು. ಈ ಸೊಳ್ಳೆಗಳೇ ಮೆದುಳು ಜ್ವರದ ವಾಹಕಗಳು.

ಈ ರೋಗವನ್ನು ತರುವ ವೈರಸ್ ಎಂಥದ್ದು? ಶಾಲೆಯ ರಬ್ಬರ್ ಮೊಹರನ್ನು ನೀವೆಲ್ಲ ನೋಡಿದ್ದೀರಿ. ಅದರ ಮೇಲಿನ ಅಕ್ಷರಗಳು ತಿರುಗುಮುರುಗಾಗಿರುತ್ತವೆ. ಕಾಗದದ ಮೇಲೆ ಒತ್ತಿದ ನಂತರವೇ ಓದಲು ಬರುತ್ತದೆ. ಫ್ಲೂ, ದಡಾರ, ರೇಬಿಸ್ ವೈರಸ್‌ಗಳು ಮೊಹರಿನಂತೆ. ಅವುಗಳ ಆರ್‌ಎನ್‌ಎ ಎಳೆಯನ್ನು ಮೊದಲು ನಕಲು ಮಾಡಬೇಕು. ಇನ್ನೊಂದು ಗುಂಪಿನ ಆರ್‌ಎನ್‌ಎ ನೇರವಾಗಿ ಬರೆದ ಚೀಟಿಯಂತೆ. ನಮ್ಮ ಜೀವಕೋಶದೊಳಗೆ ಹೋದ ತಕ್ಷಣ ಕೋಶ ಅದನ್ನು ತನ್ನದೇ ಆದೇಶವೆಂದು ಓದಿ ವೈರಸ್‌ನ ಪ್ರೋಟೀನುಗಳನ್ನು ತಯಾರಿಸತೊಡಗುತ್ತದೆ. ಇವನ್ನು ಧನಾತ್ಮಕ ಎಳೆಯ ಆರ್‌ಎನ್‌ಎ ವೈರಸ್‌ಗಳು ಎನ್ನುತ್ತಾರೆ. ಪೋಲಿಯೊ, ಡೆಂಗಿ, ಚಿಕುನ್‌ಗುನ್ಯ, ಮಲೆನಾಡಿನ ಮಂಗನ ಕಾಯಿಲೆ, ಕೊರೊನಾ ಇವೆಲ್ಲ ಈ ಗುಂಪಿನವೇ. ಮೆದುಳು ಜ್ವರದ ಚೀಟಿಯಲ್ಲಿರುವುದು ಸುಮಾರು 11 ಸಾವಿರ ಅಕ್ಷರಗಳು ಮಾತ್ರ. ಒಂದು ಮಗುವಿನ ಜೀವ ತೆಗೆಯಲು ಅಷ್ಟೇ ಸಾಕು.

1924ರಲ್ಲಿ ಜಪಾನಿನಲ್ಲಿ ಈ ರೋಗ ದೊಡ್ಡದಾಗಿ ಹಬ್ಬಿತು. ಆರು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕಲಿಲ್ಲ. 1935ರಲ್ಲಿ ವೈರಸ್ ಪತ್ತೆಯಾಯಿತು. ನಮ್ಮ ದೇಶದಲ್ಲಿ ಮೊದಲ ರೋಗಿಗಳು ಕಂಡುಬಂದದ್ದು 1955ರಲ್ಲಿ, ತಮಿಳುನಾಡಿನ ವೆಲ್ಲೂರಿನಲ್ಲಿ. 1970ರ ದಶಕದ ಕೊನೆಯಲ್ಲಿ ಕೋಲಾರ ಜಿಲ್ಲೆ ತತ್ತರಿಸಿತು. 2005ರಲ್ಲಿ ಉತ್ತರ ಪ್ರದೇಶದ ಗೋರಖಪುರ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಪ್ರಾಣ ಬಿಟ್ಟರು. ಆಗ ದೇಶ ಎಚ್ಚೆತ್ತಿತು. 2006ರಲ್ಲಿ ನಾಲ್ಕು ರಾಜ್ಯಗಳ 11 ಜಿಲ್ಲೆಗಳನ್ನು ಆರಿಸಿ, 1ರಿಂದ 15 ವರ್ಷದ ಮಕ್ಕಳಿಗೆ ಲಸಿಕೆ ಹಾಕಲಾಯಿತು. ಕರ್ನಾಟಕದಿಂದ ಆಯ್ಕೆಯಾದದ್ದು ಒಂದೇ ಜಿಲ್ಲೆ. ಯಾವುದು ಗೊತ್ತೇ? ನಮ್ಮ ಬಳ್ಳಾರಿ. ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲವೂ ಆಗ ಅದೇ ಜಿಲ್ಲೆಯಲ್ಲಿದ್ದವು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಆದರೆ ಸೊಳ್ಳೆಗೆ ಜಿಲ್ಲೆಯ ಗಡಿ ಗೊತ್ತಿಲ್ಲ.

ಇನ್ನೊಂದು ಸಂಗತಿ ನಮಗೆ ಹೆಮ್ಮೆ ತರುವಂಥದ್ದು. 2006ರ ಲಸಿಕೆ ಚೀನಾದಿಂದ ಬಂದಿತ್ತು. 2013ರಲ್ಲಿ ನಮ್ಮ ದೇಶದ್ದೇ ಲಸಿಕೆ ಜೆನ್‌ವ್ಯಾಕ್ ಬಂತು. ಅದನ್ನು ತಯಾರಿಸಲು ಬಳಸಿದ್ದು 1980ರ ದಶಕದ ಆರಂಭದಲ್ಲಿ ಕೋಲಾರದ ರೋಗಿಯೊಬ್ಬರಿಂದ ಪುಣೆಯ ವಿಜ್ಞಾನಿಗಳು ಬೇರ್ಪಡಿಸಿದ ವೈರಸ್. ಕನ್ನಡ ನಾಡನ್ನು ಕಾಡಿದ ರೋಗವೇ ದೇಶದ ಮಕ್ಕಳಿಗೆ ರಕ್ಷೆಯಾಯಿತು!

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪೋಲಿಯೊವನ್ನು ಓಡಿಸಿದೆವು, 2014ರಲ್ಲಿ ಭಾರತಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣ ಪತ್ರ ಸಿಕ್ಕಿತು. ಹಾಗೆಯೇ ಇದನ್ನೂ ಓಡಿಸಬಹುದಲ್ಲವೇ? ಆಗುವುದಿಲ್ಲ. ಪೋಲಿಯೊ ವೈರಸ್‌ಗೆ ಮನುಷ್ಯನ ದೇಹವೊಂದೇ ಮನೆ. ಎಲ್ಲ ಮಕ್ಕಳಿಗೂ ಹನಿ ಹಾಕಿದಾಗ ಅದಕ್ಕೆ ತಂಗಲು ಜಾಗವಿಲ್ಲದಾಯಿತು. ಮೆದುಳು ಜ್ವರದ ವೈರಸ್ ಇರುವುದು ಗದ್ದೆಗೆ ಬರುವ ಬೆಳ್ಳಕ್ಕಿ, ಕೊಕ್ಕರೆಗಳಲ್ಲಿ, ಹೆಚ್ಚುವುದು ಹಂದಿಗಳಲ್ಲಿ, ಸಾಗುವುದು ಸೊಳ್ಳೆಯ ಮೂಲಕ. ಮನುಷ್ಯ ಅದಕ್ಕೆ ದಾರಿ ಮುಗಿಯುವ ಜಾಗ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲ. ಆದ್ದರಿಂದ ರೋಗಿಯ ಮನೆಯವರನ್ನು ದೂರವಿಡುವುದು ಅನ್ಯಾಯ.

ಇದರ ಇನ್ನೊಂದು ಮುಖವನ್ನು ಗಮನಿಸಿ. ಪೋಲಿಯೊದಲ್ಲಿ ನೆರೆಮನೆಯ ಮಗುವಿಗೆ ಹಾಕಿದ ಹನಿ ನಮ್ಮ ಮಗುವನ್ನೂ ಸ್ವಲ್ಪ ಮಟ್ಟಿಗೆ ಕಾಯುತ್ತಿತ್ತು. ಇಲ್ಲಿ ಹಾಗಿಲ್ಲ. ಊರಿನ ಎಲ್ಲ ಮಕ್ಕಳಿಗೆ ಲಸಿಕೆಯಾಗಿ ಒಂದು ಮಗು ಬಿಟ್ಟುಹೋದರೆ, ಆ ಮಗುವಿನ ಅಪಾಯ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಬೆಳ್ಳಕ್ಕಿಗಳಿಗೆ ಯಾರೂ ಲಸಿಕೆ ಹಾಕಿಲ್ಲವಲ್ಲ!

'ನಾವು ಹಂದಿ ಸಾಕುವವರಲ್ಲ, ನಮಗೇಕೆ ಈ ರೋಗ?' ಎಂಬ ಮಾತು ನಮ್ಮ ಮೊಹಲ್ಲಾಗಳಲ್ಲಿ ಬರಬಹುದು. ಈ ಸೊಳ್ಳೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹಾರಬಲ್ಲದು. ಯಾರ ಮನೆಯಲ್ಲಿ ಯಾವ ಪ್ರಾಣಿ ಇದೆ ಎಂದು ಅದು ಕೇಳುವುದಿಲ್ಲ. ಹಾಗೆಯೇ ಹಂದಿ ಸಾಕಿ ಬದುಕುವ ಬಡವರ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದೂ ಸರಿಯಲ್ಲ. ಗದ್ದೆಯ ಅನ್ನವನ್ನು ನಾವೆಲ್ಲರೂ ಉಣ್ಣುತ್ತೇವೆ.

ಸೋಂಕು ತಗುಲಿದವರಲ್ಲಿ ಸುಮಾರು 250ಕ್ಕೆ ಒಬ್ಬರಿಗೆ ಮಾತ್ರ ರೋಗ ತೀವ್ರವಾಗುತ್ತದೆ. ಆದರೆ ಮೆದುಳಿಗೆ ಬಾವು ಬಂದವರಲ್ಲಿ ನೂರಕ್ಕೆ 30ರವರೆಗೆ ಸಾಯಬಹುದು. ಉಳಿದವರಲ್ಲೂ ಎಷ್ಟೋ ಮಕ್ಕಳಿಗೆ ಮಾತು, ನಡಿಗೆ, ಬುದ್ಧಿಶಕ್ತಿ ಕುಂದುತ್ತದೆ. ನಿನ್ನೆಯವರೆಗೆ ಪಾಠ ಒಪ್ಪಿಸುತ್ತಿದ್ದ ಮಗು ತಾಯಿಯ ಹೆಸರನ್ನೇ ಮರೆಯಬಹುದು. ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಜೋರು ಜ್ವರದ ಜೊತೆ ವಾಂತಿ, ಫಿಟ್ಸ್, ಬಡಬಡಿಕೆ ಕಂಡರೆ 'ಗಾಳಿ ಸೋಕಿದೆ' ಎಂದು ಹೊತ್ತು ಕಳೆಯಬೇಡಿ. ದುವಾ ಮಾಡೋಣ, ಆದರೆ ಆಸ್ಪತ್ರೆಯ ದಾರಿಯಲ್ಲೇ ಮಾಡೋಣ.

ಸಂಜೆಯಾದೊಡನೆ ಮಕ್ಕಳಿಗೆ ಮೈ ತುಂಬ ಬಟ್ಟೆ, ಮಲಗುವಾಗ ಸೊಳ್ಳೆ ಪರದೆ ಇರಲಿ. ಸಂಡೂರಿನ ಗುಡ್ಡದ ಕಡೆ ಗದ್ದೆ ಕಡಿಮೆ ಎಂದು ಅಲ್ಲಿನವರೂ ಮೈಮರೆಯುವಂತಿಲ್ಲ. ಡೆಂಗಿ, ಚಿಕುನ್‌ಗುನ್ಯ ತರುವ ಸೊಳ್ಳೆ ಮನೆಯ ಡ್ರಮ್ಮು, ತೊಟ್ಟಿಯಲ್ಲೇ ಹುಟ್ಟುತ್ತದೆ. 2006ರಲ್ಲಿ ಚಿಕುನ್‌ಗುನ್ಯ ನಮ್ಮ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನರ ಕೀಲುಗಳನ್ನು ಹಿಂಡಿದ್ದನ್ನು ಹಿರಿಯರು ಮರೆತಿರಲಾರರು.

2006ರ ಅಭಿಯಾನದಲ್ಲಿ ಲಸಿಕೆ ಪಡೆದ ಮಕ್ಕಳು ಇಂದು ಬೆಳೆದು ತಾಯಿ ತಂದೆಯರಾಗುವ ವಯಸ್ಸಿಗೆ ಬಂದಿದ್ದಾರೆ. ಈಗ ಸರದಿ ಅವರ ಮಕ್ಕಳದ್ದು. ಈ ರೋಗವಿರುವ ಜಿಲ್ಲೆಗಳಲ್ಲಿ ಮಗುವಿಗೆ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್ ಲಸಿಕೆಯನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ವಿದ್ಯಾರ್ಥಿಗಳೇ, ಇಂದು ಮನೆಗೆ ಹೋದ ಕೂಡಲೇ ನಿಮ್ಮ ಪುಟ್ಟ ತಮ್ಮ ತಂಗಿಯರ ತಾಯಿ ಕಾರ್ಡ್ ತೆರೆದು ನೋಡಿ. ಅದರಲ್ಲಿ ಜೆ.ಇ. ಎಂಬ ಎರಡು ಅಕ್ಷರಗಳ ಮುಂದೆ ಎರಡೂ ಸಲ ತಾರೀಖು ಬರೆದಿದೆಯೇ? ಇಲ್ಲವಾದರೆ ನಾಳೆಯೇ ಅಮ್ಮಿಯನ್ನು ಕರೆದುಕೊಂಡು ಆಶಾ ಕಾರ್ಯಕರ್ತೆಯ ಬಳಿ ಹೋಗಿ. ಓದು ಬರಹ ಕಲಿತ ಮಗು ತನ್ನ ಮನೆಗೆ ಮಾಡಬಹುದಾದ ದೊಡ್ಡ ಸೇವೆಗಳಲ್ಲಿ ಇದೂ ಒಂದು.