ಹೊಕ್ಕು ನೋಡುವ ಆಟ

ಕಂಪ್ಯೂಟರಿನ ಆಟವೆಂದರೆ ಗುಂಡು ಹಾರಿಸಿ ಅಂಕ ಗಳಿಸುವುದೆಂದು ನಮ್ಮಲ್ಲಿ ಅನೇಕರ ಭಾವನೆ. ಶತ್ರುವಿಲ್ಲದ, ಗಡುವಿಲ್ಲದ, ಆಡುವವನ ಕಣ್ಣಿನಿಂದಲೇ ಕಾಣುತ್ತ ಸುಮ್ಮನೆ ತಿರುಗಾಡುವ ಆಟವೂ ಒಂದುಂಟು. ಅದರಲ್ಲೇನು ಸುಖವೆಂದು ಕೇಳುವವರಿಗೆ ಅದರ ಪೂರ್ವೇತಿಹಾಸವನ್ನು ಹೇಳುವುದೇ ಮೇಲು.

ಅಮೆರಿಕದ ಕಂಪ್ಯೂಟರ್ ತಜ್ಞ ವಿಲ್ ಕ್ರೌಥರನಿಗೆ ಗುಹೆಗಳ ಹುಚ್ಚು. ಕೆಂಟಕಿಯ ಮ್ಯಾಮತ್ ಗುಹೆಗಳನ್ನು ಅವನೂ ಅವನ ಮಡದಿ ಪೆಟ್ರೀಷಿಯಾಳೂ ಅಳೆದು ನಕ್ಷೆ ಬರೆದಿದ್ದರು. ದಾಂಪತ್ಯ ಮುರಿಯಿತು, ಗುಹೆಯ ಒಡನಾಟವೂ ತಪ್ಪಿತು. ತನ್ನನ್ನು ನೋಡಲು ಬರುವ ಇಬ್ಬರು ಹೆಣ್ಣುಮಕ್ಕಳು ಆಡಲೆಂದು 1975-76ರ ಸುಮಾರಿಗೆ ಆ ಗುಹೆಯನ್ನೇ ಮಾತಿನಲ್ಲಿ ಕಟ್ಟಿದ. ಚಿತ್ರವಿಲ್ಲ, ಯಂತ್ರ ಸ್ಥಳವನ್ನು ವರ್ಣಿಸುತ್ತದೆ, ಆಡುವವರು ಒಂದೆರಡು ಪದ ಟೈಪು ಮಾಡಿ ಮುಂದೆ ಸಾಗುತ್ತಾರೆ. ಯಂತ್ರ ಹೇಳುವ 'ನೀನು' ಆಡುವವನೊಳಗೆ 'ನಾನು' ಆಗಿಬಿಡುತ್ತದೆ! ವ್ಯಾಕರಣ ಪಾಠ ಹೇಳುವ ನನಗೆ ಈ ಪುರುಷಪಲ್ಲಟ ಬಹು ಸೊಗಸೆನಿಸಿದೆ. 1977ರಲ್ಲಿ ಸ್ಟ್ಯಾನ್‌ಫರ್ಡಿನ ಡಾನ್ ವುಡ್ಸ್ ನಿಧಿಗಳನ್ನೂ ಒಗಟುಗಳನ್ನೂ ಸೇರಿಸಿ ಅದನ್ನು ಬೆಳೆಸಿದ.

1993ರಲ್ಲಿ ಬಂದ 'ಮಿಸ್ಟ್' ಮಾತನ್ನು ತೆಗೆದು ಕಣ್ಣನ್ನಿತ್ತಿತು. ರಾಂಡ್ ಮತ್ತು ರಾಬಿನ್ ಮಿಲ್ಲರ್ ಸೋದರರು ರಚಿಸಿದ ಈ ಆಟದ 60 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ನಿರ್ಜನ ದ್ವೀಪ; ಎರಡು ಪುಸ್ತಕಗಳಲ್ಲಿ ಸೆರೆಯಾದ ಅಣ್ಣತಮ್ಮಂದಿರು. ಒಬ್ಬನು ಇನ್ನೊಬ್ಬನನ್ನು ದುಷ್ಟನೆನ್ನುತ್ತಾನೆ. ಯಾರನ್ನು ನಂಬುವುದು? ಸಾಕ್ಷಿಗೆ ಮನುಷ್ಯರಿಲ್ಲ, ಅವರು ವಾಸಿಸಿದ ಕೋಣೆಗಳಿವೆ. ಒಬ್ಬನದರಲ್ಲಿ ವೈಭೋಗ, ಇನ್ನೊಬ್ಬನದರಲ್ಲಿ ಚಿತ್ರಹಿಂಸೆಯ ಸಲಕರಣೆ. ಇಂಥದೆಂದು ಯಾರೂ ಹೇಳಿಕೊಡುವುದಿಲ್ಲ. ನಾವೇ ಹೊಕ್ಕು, ನೋಡಿ, ಊಹಿಸಬೇಕು. ಸುಖವಿರುವುದು ಇಲ್ಲಿಯೇ. ಸನ್ನೆಕೋಲುಗಳನ್ನು ಎಳೆದೆಳೆದು ಬಿಡಿಸುವ ಅದರ ಒಗಟುಗಳು ಕೆಲವೆಡೆ ಬೇಸರ ತರಿಸುತ್ತವೆಂಬುದೂ ನಿಜವೇ.

2013ರ 'ಗಾನ್ ಹೋಮ್' ಒಗಟುಗಳನ್ನೂ ಬಹುಮಟ್ಟಿಗೆ ಕೈಬಿಟ್ಟಿತು. ಪ್ರವಾಸದಿಂದ ಮರಳಿದ ಮಗಳು, ಬರಿದಾದ ಮನೆ, ತಂಗಿ ಬಿಟ್ಟುಹೋದ ಬರಹಗಳು, ಇಷ್ಟೆ. ನಡೆದಾಡುವುದೂ ಒಂದು ಆಟವೆ ಎಂದು ಮೂದಲಿಸಿದವರುಂಟು. ಆ ಮೂದಲಿಕೆಯನ್ನು ನಾನೊಪ್ಪಲಾರೆ. ತಂಗಿಗೇನಾಯಿತೋ ಎಂಬ ಕಳವಳದಿಂದ ಮುಂದಿನ ಬಾಗಿಲನ್ನು ತಳ್ಳುವ ಕೈ ನಮ್ಮದೇ ಅಲ್ಲವೆ?

ಮುಖ್ಯವಾಗಿ, ನಾವು ಕಾಲಿಡುವ ಮೊದಲೇ ಆ ಸ್ಥಳವಿತ್ತು ಎಂದೆನಿಸಬೇಕು. ಕ್ರೌಥರನ ಸ್ಥಳವಂತೂ ದಿಟವಾಗಿಯೇ ಇತ್ತು. ಅದರ ಹೆಸರು ಬೆಡ್‌ಕ್ವಿಲ್ಟ್ ಗುಹೆ. ಆಟವನ್ನು ಬಾಯಿಪಾಠ ಮಾಡಿದ್ದ ಮಹಿಳೆಯೊಬ್ಬರು ಮುಂದೆ ಅಳತೆಯ ತಂಡದೊಡನೆ ಆ ಗುಹೆಗೆ ಇಳಿದರು. ದಾರಿಯುದ್ದಕ್ಕೂ ಆಟದ ವರ್ಣನೆಯನ್ನು ಹೇಳುತ್ತಲೇ ಹೋದವರು, ಒಂದೆಡೆ ತಂಡದ ಮುಖಂಡನೇ ಎಂದೂ ಹೋಗಿರದ ಕವಲಿಗೆ ಥಟ್ಟನೆ ನುಗ್ಗಿ ಕಣ್ಮರೆಯಾದರು. ತುಸು ಹೊತ್ತಿಗೆ ಮರಳಿ ಬಂದರು. ಆಟದಲ್ಲಿ ಎತ್ತ ಹೊರಟರೂ ಬಹುಪಾಲು ಮತ್ತೆ ಅಲ್ಲಿಗೇ ಬಂದು ಸಿಕ್ಕಿಬೀಳುವ ತಾಣವೊಂದಿದೆ. ಅದನ್ನು ನೋಡಲು ಹೋಗಿದ್ದರಂತೆ.